ಒಂದು ರೂಪಾಯಿಯೂ ಏರದ ಕಂತು

ರೇಷ್ಮೆ ಎಳೆ ಸುಟ್ಟರೆ ಕೂದಲು ಸುಟ್ಟ ಹಾಗೆ ವಾಸನೆ ಬರುತ್ತದೆ. ಹುಳು ಗೂಡು ಕಟ್ಟಲಿ ಅಂತ ನಾವು ಹರಡುವ ಬಿದಿರಿನ ತಟ್ಟಿಗೆ ಚಂದ್ರಿಕೆ ಅಂತ ಹೆಸರು. ಗೂಡು ಬಿಡಿಸಿದ ಮೇಲೆ ಅದಕ್ಕೆ ಅಂಟಿಕೊಂಡ ಎಳೆಗಳನ್ನು ಬೆಂಕಿಯ ಮೇಲೆ ಆಡಿಸಿ ತೆಗೆಯಬೇಕು, ಇಲ್ಲದಿದ್ದರೆ ಹೋದ ಬೆಳೆಯ ರೋಗ ಬರುವ ಬೆಳೆಗೆ ತಗಲುತ್ತದೆ. ಈಗೆಲ್ಲ ಪ್ಲಾಸ್ಟಿಕ್ ಬಲೆ ಬಂದು ಆ ವಾಸನೆ ಅಪರೂಪವಾಗಿದೆ. ಹೋದ ತಿಂಗಳು ಕೈಲಾಂಚದಿಂದ ರಾಮನಗರಕ್ಕೆ ಬರುವಾಗ ರಸ್ತೆ ಬದಿಯ ಮನೆಯೊಂದರ ಮುಂದೆ ಯಾರೋ ಹಳೆಯ ಚಂದ್ರಿಕೆ ಸುಡುತ್ತಿದ್ದರು. ಸ್ಕೂಟರು ತಾನಾಗಿ ನಿಂತಿತು ಅನ್ನಬೇಕು. ರಾಮನಗರ ಜಿಲ್ಲೆಯಾದ ವರ್ಷದ ಮಳೆಗಾಲ, ನಮ್ಮ ಜಯಕ್ಕನ ಕೈಯಲ್ಲಿದ್ದ ಒಂದು ಹಾಳೆ, ನನ್ನ ಕೈಯಲ್ಲೇ ಹತ್ತಿಕೊಂಡು ಉರಿದ ಒಂದು ಚಂದ್ರಿಕೆ, ಎಲ್ಲ ಒಟ್ಟಿಗೆ ಮೂಗಿಗೆ ಬಂದವು.

ನಾನು ಚಂದ್ರಿಕೆ ಬಾಡಿಗೆಗೆ ಕೊಡುವವನು. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟೆ. ಹುಳು ಸಾಕುವವರೆಲ್ಲ ಸ್ವಂತ ಚಂದ್ರಿಕೆ ಇಟ್ಟುಕೊಳ್ಳುವುದಿಲ್ಲ. ಬೆಳೆಗೊಮ್ಮೆ, ಹುಳು ಹಣ್ಣಾಗಿ ಗೂಡು ಕಟ್ಟುವ ನಾಲ್ಕಾರು ದಿನಕ್ಕೆ ಮಾತ್ರ ಬೇಕಾಗುವ ಸಾಮಾನಿಗೆ ಯಾರು ದುಡ್ಡು ಹಾಕುತ್ತಾರೆ? ಅದನ್ನು ಕಂಡುಕೊಂಡು ನಲವತ್ತು ಹಳೆ ಚಂದ್ರಿಕೆಯಿಂದ ಶುರು ಮಾಡಿದೆ. ಕೈಲಾಂಚದಲ್ಲಿ ಶೆಡ್ಡು ಹಾಕಿ ಎರಡು ಸಾವಿರಕ್ಕೆ ತಂದೆ. ಹೇಳಿಕೊಳ್ಳುವುದಲ್ಲ, ಚೌಕಾಸಿಯಲ್ಲಿ ನನ್ನನ್ನು ಮೀರಿಸಿದವರನ್ನು ಈ ಹೋಬಳಿಯಲ್ಲಿ ನಾನು ನೋಡಿಲ್ಲ. ದನದ ವ್ಯಾಪಾರದಲ್ಲಿ ಟವಲ್ ಕೆಳಗೆ ಬೆರಳು ಹಿಡಿದು ಬೆಲೆ ಕುದುರಿಸುವುದನ್ನು ನಮ್ಮಪ್ಪ ಹತ್ತು ವರ್ಷಕ್ಕೇ ಕಲಿಸಿದ್ದರು.

ಒಂದು ಉದಾಹರಣೆ ಹೇಳುತ್ತೇನೆ, ಮರೆಯಬೇಡಿ, ಮುಂದೆ ಬೇಕಾಗುತ್ತದೆ. ಒಮ್ಮೆ ಬಿದಿರಿನ ಬೆಲೆ ಏರಿತು. ಬಾಡಿಗೆ ಕೊಡುವವರೆಲ್ಲ ಬಾಡಿಗೆ ಏರಿಸಿದರು. ನಾನು ಏರಿಸಲಿಲ್ಲ. "ರಾಜಣ್ಣ ಧರ್ಮಾತ್ಮ ಕಣ್ಲಾ, ಒಂದ್ ಪೈಸ ಏರಿಸ್ನಿಲ್ಲ" ಅಂತ ಜನ ನನ್ನ ಶೆಡ್ಡಿಗೇ ಬಂದರು. ಮೊದಲು ಒಂದು ಬೆಳೆ ಅಂದರೆ ಏಳು ದಿನ ಬಿಡುತ್ತಿದ್ದೆ. ಈಗ ಐದೇ ದಿನ ಅಂದೆ. ಆರನೇ ದಿನಕ್ಕೆ ಅರ್ಧ ಬಾಡಿಗೆ ಸೇರಿಸಿ ತೆಗೆದುಕೊಂಡೆ. ಬಾಡಿಗೆ ಎಷ್ಟು ಅಂತ ಎಲ್ಲರೂ ಕೇಳಿದರು, ಎಷ್ಟು ದಿನ ಅಂತ ಯಾರೂ ಕೇಳಲಿಲ್ಲ. ಆಗ ಇದನ್ನು ಜಾಣತನ ಅಂದುಕೊಂಡಿದ್ದೆ.

ಇನ್ನು ಜಯಕ್ಕ. ನನಗಿಂತ ಎಂಟು ವರ್ಷ ದೊಡ್ಡವಳು, ಅಂಗನವಾಡಿ ಟೀಚರ್. ಭಾವ ಬೇಗ ತೀರಿಕೊಂಡರು. ರಾಮನಗರದ ಅಂಚಿನಲ್ಲಿ, ಕೈಲಾಂಚದ ರಸ್ತೆಗೆ, ಒಂದು ಪುಟ್ಟ ಮನೆಯನ್ನು ಅವಳೇ ಕೊಂಡಿದ್ದಳು. ಕ್ರಯಪತ್ರದಲ್ಲಿ ಅವಳ ಹೆಸರೊಂದೇ ಇತ್ತು, ಅದನ್ನು ವರ್ಷಕ್ಕೊಮ್ಮೆ ಬಿಸಿಲಿಗೆ ಹಾಕಿ ಒಳಗಿಡುತ್ತಿದ್ದಳು. ಅವಳಿಗೆ ಒಂದು ಚಾಳಿ ಇತ್ತು: ಕಣ್ಣಿಗೆ ಬಿದ್ದದ್ದನ್ನೆಲ್ಲ ಗಟ್ಟಿಯಾಗಿ ಓದುವುದು. ಬಸ್ಸಿನ ಬೋರ್ಡು, ಬೆಂಕಿಪೊಟ್ಟಣ, ಔಷಧಿ ಚೀಟಿ. ಅಂಗನವಾಡಿಯಲ್ಲಿ ಹಾಜರಿ ಕೂಗಿದಾಗ ಮಕ್ಕಳು "ಹಾಜರ್" ಅನ್ನದಿದ್ದರೆ, ಎದುರಿಗೇ ಕೂತಿದ್ದರೂ ಗೈರು ಹಾಕುತ್ತಿದ್ದಳು. "ಬಾಯಲ್ಲಿ ಒಪ್ಕೋಬೇಕು ಕಣ್ಲಾ, ಕೂತ್ರೆ ಸಾಲ್ದು" ಅನ್ನುತ್ತಿದ್ದಳು.

ಬಿಡದಿಯಲ್ಲಿ ಕಾರ್ಖಾನೆಗಳು ಏಳುತ್ತಿದ್ದ ಕಾಲ ಅದು. ಮೈಸೂರು ರಸ್ತೆ ಅಗಲವಾಯಿತು. ಬೆಳಗಾದರೆ ಕಂಪನಿ ಬಸ್ಸಿಗೆ ನೀಲಿ ಅಂಗಿಯ ಹುಡುಗರ ಸಾಲು. ಹಾಸನದವರು, ರಾಯಚೂರಿನವರು, ಭಾಷೆ ಬಾರದ ದೂರದವರು, ಎಲ್ಲರಿಗೂ ಬೇಕಾದದ್ದು ಒಂದೇ, ಬಾಡಿಗೆ ರೂಮು. ಹಿಪ್ಪುನೇರಳೆ ತೋಟದಲ್ಲಿ ಸೈಟಿನ ಕಲ್ಲುಗಳು ಎದ್ದವು. ಅವುಗಳ ಹಿಂದೆಯೇ ಮೋಟಾರು ಬೈಕಿನಲ್ಲಿ ಸಾಲ ಕೊಡುವವರೂ ಬಂದರು.

"ಅಕ್ಕ, ಮಹಡಿ ಮೇಲೆ ಎರಡು ರೂಮು ಹಾಕು. ಬಾಡಿಗೆ ಬಂದು ಸಾಲ ತೀರಿಸ್ತದೆ. ನೀನು ರಿಟೈರ್ ಆಗೋ ಹೊತ್ತಿಗೆ ರೂಮು ನಿಂದು, ಬಾಡಿಗೆ ನಿಂದು" ಅಂದವನು ನಾನೇ. ಅವಳಿಗೆ ಆಗ ಐವತ್ತು. ಅರವತ್ತಕ್ಕೆ ಗೌರವಧನ ನಿಲ್ಲುತ್ತದೆ. ಎರಡು ಲಕ್ಷ, ಹತ್ತು ವರ್ಷದ ಸಾಲ, ನೂರಿಪ್ಪತ್ತು ಕಂತು. ಕೊನೆಯ ಕಂತು ಮುಗಿದು ಎರಡು ತಿಂಗಳಿಗೆ ಅವಳ ನಿವೃತ್ತಿ. ಗಡಿಯಾರದ ಮುಳ್ಳಿನ ಹಾಗೆ ಕೂಡಿಸಿದ್ದೆ. ಅದು ತಪ್ಪಿದರೆ ಅವಳಿಗೆ ಬೇರೆ ಅನ್ನವಿರಲಿಲ್ಲ.

ಸಾಲದ ಆಫೀಸು ರಾಮನಗರದ ಪೇಟೆಯಲ್ಲಿ, ಒಂದು ಬಟ್ಟೆ ಅಂಗಡಿಯ ಮೇಲಿತ್ತು. ಕಂಪನಿಯ ಹೆಸರು ಬೇಡ, ಈಗ ಅದು ಅಲ್ಲಿಲ್ಲ. ಕನ್ನಡಕದ ಆಫೀಸರೊಬ್ಬರು ಹತ್ತೂವರೆ ಬಡ್ಡಿ ಅಂದರು.

"ಹತ್ತೂವರೆ ಅಂದ್ರೆ ಹೆಂಗೆ ಸಾಹೇಬ್ರೆ? ನಮ್ಮಕ್ಕ ಸರ್ಕಾರದ ಸಂಬಳ ತಗೊಳ್ಳೋಳು" ಅಂದೆ.

"ಸಂಬಳ ಅಲ್ಲ ಕಣ್ಲಾ, ಗೌರವಧನ" ಅಂದಳು ಅಕ್ಕ.

"ನೀನೊಸಿ ಸುಮ್ನಿರಕ್ಕ."

ಹೆಗಲ ಟವಲ್ ತೆಗೆದು ಮೇಜಿನ ಮೇಲೆ ಹರಡಿ, ಅದರ ಕೆಳಗೆ ಆಫೀಸರ ಕೈ ಹಿಡಿದೆ. ಅವರು ಬೆಚ್ಚಿದರು. "ಇದೇನ್ರೀ ಇದು?"

"ದನದ ವ್ಯಾಪಾರ ನೋಡಿಲ್ವಾ? ಬಾಯಿ ಬಿಡಂಗಿಲ್ಲ. ನಾನು ಬೆರಳು ಹಿಡೀತೀನಿ, ಸರಿ ಅನ್ನಿಸಿದ್ರೆ ಹೂಂ ಅನ್ನಿ."

ಐದು ಬೆರಳು ಹಿಡಿದೆ, ಬಿಟ್ಟು ನಾಲ್ಕು ಹಿಡಿದೆ, ಕೊನೆಗೆ ಅವರ ಕಿರುಬೆರಳನ್ನು ಅರ್ಧಕ್ಕೆ ಮಡಚಿದೆ. ಆಫೀಸಿಗೆ ಆಫೀಸೇ ನಕ್ಕಿತು. ಆಫೀಸರು ಒಳಗೆ ಹೋಗಿ ಮ್ಯಾನೇಜರ ಹತ್ತಿರ ಮಾತಾಡಿ ಬಂದು, "ಆಯ್ತು, ಒಂಬತ್ತೂವರೆ. ಆದ್ರೆ ಫ್ಲೋಟಿಂಗ್" ಅಂದರು.

"ಫ್ಲೋಟಿಂಗೋ ಗೀಟಿಂಗೋ, ಕಂತು ಏರಬಾರದು. ಇವತ್ತು ಎರಡು ಸಾವಿರದ ಐನೂರ ಎಂಬತ್ತೆಂಟು ಅಂದ್ರೆ ಕೊನೇ ತನಕ ಅಷ್ಟೇ. ಒಂದ್ರೂಪಾಯಿ ಏರಿದ್ರೂ ನಾನೊಪ್ಪಾಕಿಲ್ಲ."

ಆಫೀಸರು ನನ್ನ ಮುಖವನ್ನು ಒಂದು ಕ್ಷಣ ನೋಡಿದರು. "ಕಂತು ಏರಬಾರದು. ಅಷ್ಟೇ ತಾನೇ?"

"ಅಷ್ಟೇ."

"ಬರ್ಕೊಳ್ತೀನಿ ಬಿಡಿ" ಅಂದು ಕಾಗದದ ಅಂಚಿನಲ್ಲಿ ಇಂಗ್ಲಿಷಿನಲ್ಲಿ ಒಂದು ಸಾಲು ಬರೆದರು. ಅಕ್ಕ ಸಾಲಗಾರಳಾಗಿ, ನಾನು ಜೊತೆ ಸಾಲಗಾರನಾಗಿ ಸಹಿ ಹಾಕಿದೆವು. ಇಪ್ಪತ್ತೋ ಮೂವತ್ತೋ ಸಹಿ. ಎಲ್ಲ ಮುಗಿದ ಮೇಲೆ ಅಕ್ಕ ಪೆನ್ನಿನ ಮುಚ್ಚಳ ಹಾಕುತ್ತಾ, "ಇದ್ರುದ್ದೊಂದು ನಕಲು ಕೊಡ್ತೀರಾ ಸಾರ್? ಮನೇಲಿ ನಿಧಾನ್ವಾಗಿ ಓದ್ಕೋತೀನಿ" ಅಂದಳು.

ನನಗೆ ನಾಚಿಕೆಯಾಯಿತು. ನಮ್ಮ ಕಸುಬಿನಲ್ಲಿ ಎರಡು ಸಾವಿರ ಚಂದ್ರಿಕೆ ಬಾಯಿ ಮಾತಿನ ಮೇಲೆ ಊರೂರು ಸುತ್ತಿ ಬರುತ್ತವೆ. ಕಾಗದ ಕೇಳುವುದು ಅಂದರೆ ಎದುರಿನವನನ್ನು ಕಳ್ಳ ಅಂದ ಹಾಗೆ. "ಸಾಹೇಬ್ರು ಎಲ್ಲಿ ಓಡೋಯ್ತಾರಕ್ಕ? ಬಾ ಬಾ" ಅಂತ ಎಬ್ಬಿಸಿಕೊಂಡು ಬಂದೆ. ಅವಳು ಮೆಟ್ಟಿಲ ಹತ್ತಿರ ಒಮ್ಮೆ ಹಿಂತಿರುಗಿ ನೋಡಿದಳು. ಆ ಮೇಜಿನ ಮೇಲೆ, ಅಡವಿಗೆ ಕೊಟ್ಟ ಅವಳ ಕ್ರಯಪತ್ರ ಇತ್ತು.

ಹಿಂದಿನವರಿಗೆ ಅಡಮಾನ ಕಣ್ಣಿಗೆ ಕಾಣುತ್ತಿತ್ತು. ಜಮೀನು ಭೋಗ್ಯಕ್ಕೆ ಹಾಕಿದರೆ ಸಾಲ ಕೊಟ್ಟವನೇ ಬಂದು ಉಳುತ್ತಿದ್ದ, ದಿನಾ ಬೆಳಿಗ್ಗೆ ನಿನ್ನ ಬದುವಿನ ಮೇಲೆ ಅವನು ನಿಂತಿರುತ್ತಿದ್ದ. ಈ ಹೊಸ ಅಡಮಾನದಲ್ಲಿ ಮನೆಯಲ್ಲಿ ನೀನೇ ಇರುತ್ತೀಯ, ರಂಗೋಲಿ ನೀನೇ ಹಾಕುತ್ತೀಯ, ಏನೂ ಕಾಣುವುದಿಲ್ಲ. ಕಾಣುವುದು ಕಾಗದದಲ್ಲಿ ಮಾತ್ರ. ಆ ಕಾಗದವನ್ನೇ ನಾನು ಮೇಜಿನ ಮೇಲೆ ಬಿಟ್ಟು ಬಂದಿದ್ದೆ.

ರೂಮುಗಳಾದವು. ಬಾಡಿಗೆ ಬಂತು. ಅದಕ್ಕೆ ಗೌರವಧನದಿಂದ ಸ್ವಲ್ಪ ಸೇರಿಸಿ ಅಕ್ಕ ತಿಂಗಳು ತಪ್ಪದೆ ಕಂತು ಕಟ್ಟಿದಳು. ಟವಲ್ ಕೆಳಗೆ ಬ್ಯಾಂಕಿನ ಬಡ್ಡಿ ಇಳಿಸಿದವನು ಅಂತ ನನ್ನ ಹೆಸರು ಹೊಂಗನೂರಿನವರೆಗೂ ಹೋಯಿತು. ಬಸ್ಸಿನಲ್ಲಿ ಜನ ಸೀಟು ಬಿಟ್ಟುಕೊಟ್ಟು ಸಲಹೆ ಕೇಳುತ್ತಿದ್ದರು, ನಾನೂ ಕೊಡುತ್ತಿದ್ದೆ.

ಒಂದೂವರೆ ವರ್ಷ ಕಳೆದು ಆ ಆಷಾಢ ಬಂತು. ಸೋನೆ ಮಳೆ, ಬಿಡದ ಗಾಳಿ. ಸೊಪ್ಪು ಒದ್ದೆ, ಹುಳು ಸೋಮಾರಿ, ಗೂಡು ಕಟ್ಟಲು ಎರಡು ದಿನ ತಡ. ಒಂದು ಭಾನುವಾರ ಶೆಡ್ಡಿನ ಬಾಗಿಲಲ್ಲಿ ಕೂತು ಚಂದ್ರಿಕೆ ಸುಡುತ್ತಿದ್ದೆ. ಅಕ್ಕ ಕೊಡೆ ಮಡಚಿ ಒಳಗೆ ಬಂದು, ಸೆರಗಿನೊಳಗಿಂದ ಒಂದು ಹಾಳೆ ತೆಗೆದಳು. ಸಾಲದ ಕಂಪನಿ ವರ್ಷಕ್ಕೊಮ್ಮೆ ಕಳಿಸುವ ಲೆಕ್ಕದ ಹಾಳೆ.

"ಲೇ ರಾಜ, ಹಾಜರಿ ತಪ್ಪೈತೆ ಕಣ್ಲಾ."

"ಯಾವ ಹಾಜರಿ?"

"ನೂರಿಪ್ಪತ್ತು ಮಕ್ಳು ಸೇರುಸ್ದೆ. ಹದಿನೆಂಟು ಮಕ್ಳು ದೊಡ್ ಸ್ಕೂಲಿಗೆ ಹೋದ್ವು. ಉಳಿದೋವು ಎಷ್ಟು?"

"ನೂರಾ ಎರಡು."

"ಇಲ್ಲಿ ನೂರಾ ಮೂವತ್ತೊಂದು ಅಂತ ಐತೆ."

ನಾನು ನಕ್ಕೆ. "ಅಚ್ಚಿನ ತಪ್ಪು ಕಣಕ್ಕ. ಕಂತು ಏರೈತಾ ಹೇಳು."

"ಇಲ್ಲ. ಎರಡು ಸಾವಿರದ ಐನೂರ ಎಂಬತ್ತೆಂಟೇ ಐತೆ."

"ನೋಡ್ದಾ? ಒಂದ್ರೂಪಾಯಿ ಏರಿಲ್ಲ. ನಿನ್ ತಮ್ಮನ ಮಾತು ಅಂದ್ರೆ ಮಾತು."

ಅಕ್ಕ ನನ್ನನ್ನು ಪಾಠ ಬರದ ಮಗುವನ್ನು ನೋಡುವ ಹಾಗೆ ನೋಡಿದಳು. "ಕಂತು ಏರಿಲ್ಲ ಕಣ್ಲಾ. ಕಂತುಗಳು ಏರ್ಕೊಂಡವೆ."

ಕೈಯಲ್ಲಿದ್ದ ಚಂದ್ರಿಕೆಯನ್ನು ಬೆಂಕಿಯಿಂದ ತೆಗೆಯುವುದನ್ನೇ ಮರೆತೆ. ಎಳೆ ಸುಟ್ಟು, ಬಿದಿರಿಗೆ ಹತ್ತಿ, ಬೆರಳಿಗೆ ತಾಗಿದ ಮೇಲೆ ಬಿಸಾಡಿದೆ. ಬಾಡಿಗೆ ಅಷ್ಟೇ, ದಿನ ಬೇರೆ. ಇದು ನನಗೆ ಗೊತ್ತಿದ್ದ ಆಟ. ನಾನೇ ಆಡುತ್ತಿದ್ದ ಆಟ.

ಅಕ್ಕ ಬೈಯಲಿಲ್ಲ. ಮಗುಚಿ ಹಾಕಿದ ಬುಟ್ಟಿಯ ಮೇಲೆ ಕೂತು ಹಾಳೆಯನ್ನು ನಾಲ್ಕಾಗಿ ಮಡಚಿದಳು. "ಎರಡು ವರ್ಷದ ಮ್ಯಾಲೆ ಐದು ತಿಂಗಳು ಜಾಸ್ತಿ. ಅರವತ್ತಕ್ಕೆ ನನ್ನ ಮನೆಗೆ ಕಳುಸ್ತಾರೆ. ಆಮ್ಯಾಕೆ ರೂಮಿನ ಬಾಡಿಗೆ ಇವ್ರಿಗೆ ಕಟ್ಲಾ, ನಾನುಣ್ಲಾ? ಇನ್ನೂ ಏರುದ್ರೆ? ಕಟ್ಟಕ್ಕಾಗ್ದೆ ಹೋದ್ರೆ ಮನೆ ಯಾರ್ದು ರಾಜ?"

ನಾನು ಎದ್ದು, ಬಿಸಾಡಿದ ಚಂದ್ರಿಕೆಯ ಬೆಂಕಿಯನ್ನು ತುಳಿದು ಆರಿಸಿದೆ.

ಆದರೆ ಬುದ್ಧಿ ಒಂದೇ ಪೆಟ್ಟಿಗೆ ಬರುತ್ತದೆಯೇ? ಮಾರನೆಯ ದಿನ ಅಕ್ಕನಿಗೆ ಹೇಳದೆ ಒಬ್ಬನೇ ಆಫೀಸಿಗೆ ಹೋದೆ. ಟೀ ಕುಡಿದೆ, ಕುಡಿಸಿದೆ, ಜಿಲ್ಲೆಯಾದರೆ ಯಾವ ಆಫೀಸು ಎಲ್ಲಿ ಬರುತ್ತದೆ ಅಂತ ಊರ ಮಾತು ಆಡಿದೆ. ಕೊನೆಗೆ, ಒಂದು ಸಲ ಮೂರು ಸಾವಿರ ಫೀಸು ಕಟ್ಟಿದರೆ ಬಡ್ಡಿ ಕಾಲು ಪರ್ಸೆಂಟ್ ಇಳಿಸುತ್ತೇವೆ ಅಂದರು. ನಾನು ಮೂರನ್ನು ಎರಡಕ್ಕೆ ಇಳಿಸಿ ಗೆದ್ದುಕೊಂಡು ಬಂದೆ.

"ಎಷ್ಟು ಕಂತು ಕಮ್ಮಿ ಆಯ್ತದೆ?" ಅಂದಳು ಅಕ್ಕ.

ಕೇಳಿರಲಿಲ್ಲ.

"ನೀನು ರೇಟು ಬುಟ್ರೆ ಬ್ಯಾರೆ ಏನೂ ಕೇಳಾಕಿಲ್ವಲ್ಲ ಮಾರಾಯ. ನಾಳೆ ಅರ್ಧ ದಿನ ರಜ ಹಾಕ್ತೀನಿ. ನೀನು ಬಾ, ಬಾಯಿ ಮುಚ್ಕೊಂಡು ಬಾ."

ಮಾರನೆಯ ದಿನ ಮಳೆ. ಆಫೀಸಿನಲ್ಲಿ ಏಳೆಂಟು ಜನ ಕಾಯುತ್ತಿದ್ದರು. ಮ್ಯಾನೇಜರು ಒಳಗಿದ್ದರು, ಕೂತಿರಿ ಅಂದರು. ಕೂತವಳು ಅಕ್ಕ ಸುಮ್ಮನಿರುತ್ತಾಳೆಯೇ? ಗೋಡೆ ಓದಲು ಶುರು ಮಾಡಿದಳು. ದೇವರ ಚಿತ್ರದ ದೊಡ್ಡ ಕ್ಯಾಲೆಂಡರಿನ ಹಿಂದೆ ಒಂದು ಚೌಕಟ್ಟಿನ ತುದಿ ಇಣುಕುತ್ತಿತ್ತು. ಎದ್ದು ಹೋಗಿ ಕ್ಯಾಲೆಂಡರನ್ನು ಎತ್ತಿ ಹಿಡಿದಳು.

"ಮೇಡಂ, ಅದನ್ನ ಮುಟ್ಟಬೇಡಿ" ಅಂದರು ಕನ್ನಡಕದ ಆಫೀಸರು.

"ಗೋಡೆ ಮೇಲೆ ಹಾಕೋದು ಓದಲಿ ಅಂತಾನೇ ಅಲ್ವಾ ಸಾರ್? ನಮ್ ಅಂಗನವಾಡೀಲಿ ನಾನೂ ಚಾರ್ಟ್ ಹಾಕ್ತೀನಿ" ಅಂದು, ಮಕ್ಕಳಿಗೆ ಹೇಳಿಕೊಡುವ ರಾಗದಲ್ಲಿ ಓದಿದಳು. "ಸಾಲದ ಒಪ್ಪಂದದ ಪ್ರತಿಯನ್ನು, ಎಲ್ಲಾ ಲಗತ್ತುಗಳ ಸಹಿತ, ಸಾಲಗಾರರಿಗೆ ಕೊಡಲಾಗುವುದು. ಬಡ್ಡಿ ದರ ಹಾಗೂ ಷರತ್ತುಗಳಲ್ಲಿ ಬದಲಾವಣೆಯಾದರೆ ಸಾಲಗಾರರಿಗೆ ತಿಳಿಸಲಾಗುವುದು. ಬದಲಾವಣೆ ಮುಂದಿನ ದಿನಗಳಿಗೆ ಮಾತ್ರ ಅನ್ವಯ."

ಕಾಯುತ್ತಿದ್ದವರಲ್ಲಿ ಚನ್ನಪಟ್ಟಣದ ಗೊಂಬೆ ಕಾರ್ಖಾನೆಯವರೊಬ್ಬರು ಎದ್ದು ನಿಂತರು. "ಇನ್ನೊಂದ್ಸಲ ಓದಿ ಟೀಚರಮ್ಮ. ನಮ್ಗೂ ಕೊಟ್ಟಿಲ್ಲ ನಕಲು."

"ನಮಗೂ" ಅಂದರು ಇನ್ನೊಬ್ಬರು. ಅಕ್ಕ ಇನ್ನೊಂದು ಸಲ ಓದಿದಳು. ಅಷ್ಟು ಹೊತ್ತಿಗೆ ಮ್ಯಾನೇಜರು ಬಾಗಿಲಿಗೇ ಬಂದಿದ್ದರು.

ಸಾಲ ಕೊಡುವವರು ಹೀಗೆ ನಡೆದುಕೊಳ್ಳಬೇಕು ಅಂತ ಮೇಲಿನವರು ಆಗಲೇ ನಿಯಮ ಮಾಡಿದ್ದರು. ನಿಯಮ ಇತ್ತು, ಕನ್ನಡದಲ್ಲೇ ಇತ್ತು, ನನ್ನ ತಲೆಯ ಹಿಂದಿನ ಗೋಡೆಯ ಮೇಲೇ ಇತ್ತು. ಮೊದಲ ದಿನ ನಾನು ಟವಲ್ ಹರಡಿದ್ದು ಅದರ ಮುಂದೆಯೇ.

ಮ್ಯಾನೇಜರು ಮೃದು ಮಾತಿನ ಮನುಷ್ಯ. ಫೈಲು ತರಿಸಿದರು. "ನೋಡಿ ಅಮ್ಮ, ಫ್ಲೋಟಿಂಗ್ ಅಂದರೆ ತೇಲುವ ಬಡ್ಡಿ. ದೇಶದಲ್ಲಿ ಬಡ್ಡಿ ಏರಿದರೆ ಇದೂ ಏರುತ್ತದೆ. ಒಂಬತ್ತೂವರೆ ಇದ್ದದ್ದು ಈಗ ಹದಿಮೂರಾಗಿದೆ. ಅದನ್ನ ಸರಿದೂಗಿಸೋಕೆ ಎರಡೇ ದಾರಿ. ಕಂತು ಏರಿಸಬೇಕು, ಇಲ್ಲ ತಿಂಗಳು ಏರಿಸಬೇಕು. ನಿಮಗೆ ತಿಂಗಳು ಏರಿಸಿದ್ದೇವೆ."

"ನಮ್ಮನ್ನ ಕೇಳ್ದೆ?"

ಮ್ಯಾನೇಜರು ಹಾಳೆಗಳನ್ನು ತಿರುವಿ ಒಂದು ಕಡೆ ಬೆರಳಿಟ್ಟರು. ಅಂಚಿನಲ್ಲಿದ್ದ ಇಂಗ್ಲಿಷ್ ಸಾಲನ್ನು ಕನ್ನಡದಲ್ಲಿ ಹೇಳಿದರು: "ಸಾಲಗಾರರ ಕೋರಿಕೆಯ ಮೇರೆಗೆ, ಕಂತಿನ ಮೊತ್ತ ಯಾವ ಕಾರಣಕ್ಕೂ ಏರತಕ್ಕದ್ದಲ್ಲ." ಅದರ ಕೆಳಗೆ ಅಕ್ಕನ ಗುಂಡಗಿನ ಸಹಿ. ಅದರ ಕೆಳಗೆ ನನ್ನದು. "ಇದನ್ನ ಕೇಳಿದ್ದು ನಿಮ್ಮ ತಮ್ಮನವರೇ ಅಲ್ವಾ?"

ಯಾರೂ ನನಗೆ ಮೋಸ ಮಾಡಿರಲಿಲ್ಲ. ನಾನು ಕುದುರಿಸಿದ್ದನ್ನೇ ನನಗೆ ಅಕ್ಷರಕ್ಕೆ ಅಕ್ಷರ ಕೊಟ್ಟಿದ್ದರು. ಎರಡು ಬಾಗಿಲಿನ ಮನೆಯಲ್ಲಿ ಒಂದಕ್ಕೆ ನಾನೇ ಬೀಗ ಹಾಕಿ, ಗೆದ್ದೆ ಅಂತ ಮೀಸೆ ತಿರುವಿದ್ದೆ. ಅಕ್ಕ ನನ್ನ ಕಡೆ ತಿರುಗುತ್ತಾಳೆ, ಎಲ್ಲರ ಮುಂದೆ ಒಂದು ಮಾತು ಅನ್ನುತ್ತಾಳೆ ಅಂತ ಕಾದೆ.

ಅವಳು ತಿರುಗಲಿಲ್ಲ. "ನಮ್ಮುಡುಗ ಕೇಳಿದ್ದು ನಿಜ ಸಾರ್. ಗೊತ್ತಿಲ್ದೆ ಕೇಳ್ದ. ಗೊತ್ತಿದ್ದೋರು ನೀವು, ನೀವು ಹೇಳ್ಬೇಕಿತ್ತು, ಹಂಗ್ ಕೇಳುದ್ರೆ ತಿಂಗಳು ಏರ್ತವೆ ಅಂತ. ಹೋಗ್ಲಿ. ಬಡ್ಡಿ ಏರ್ದಾಗೆಲ್ಲ ತಿಳುಸ್ತೀವಿ ಅಂತ ಗೋಡೆ ಹೇಳ್ತೈತೆ. ನಂಗೆ ಬಂದ ಕಾಗದ ಎಲ್ಲಿ?"

ಮ್ಯಾನೇಜರು ಆಫೀಸರನ್ನು ನೋಡಿದರು. ಆಫೀಸರು ಕನ್ನಡಕ ಒರೆಸಿಕೊಂಡರು.

ನಾನಾಗಿದ್ದರೆ ಅದನ್ನೇ ಹಿಡಿದುಕೊಂಡು ಕಾಲು ಪರ್ಸೆಂಟನ್ನು ಅರ್ಧಕ್ಕೆ ಎಳೆಯುತ್ತಿದ್ದೆ. ಅಕ್ಕ ಚೀಲದಿಂದ ಎರಡು ಹಾಳೆ ತೆಗೆದಳು. ಮನೆಯಲ್ಲೇ ಬರೆದು ತಂದಿದ್ದ ಅರ್ಜಿ, ಮುತ್ತು ಪೋಣಿಸಿದ ಅಕ್ಷರ. ಒಪ್ಪಂದದ ನಕಲು ಕೊಡಿ. ನಿಮ್ಮ ಹತ್ತಿರ ಇರುವ ನನ್ನ ಮನೆಪತ್ರಗಳ ಪಟ್ಟಿ ಕೊಡಿ. ಬಡ್ಡಿ ಯಾವ ದಿನ ಎಷ್ಟು ಏರಿತು, ಯಾವ ಕಾಗದದಲ್ಲಿ ತಿಳಿಸಿದಿರಿ, ಬರೆದು ಕೊಡಿ. ಒಂದು ಹಾಳೆ ಅವರ ಕೈಗಿಟ್ಟು, ಇನ್ನೊಂದನ್ನು ಮುಂದೆ ಹಿಡಿದಳು. "ಇದಕ್ಕೆ ಸೀಲ್ ಹೊಡ್ದು, ತಾರೀಕು ಹಾಕಿ, ಸಹಿ ಮಾಡಿ. ಮುಟ್ಟಿತು ಅಂತ."

"ಇಷ್ಟಕ್ಕೆಲ್ಲ ಅರ್ಜಿ ಯಾಕಮ್ಮ? ಮಾತಲ್ಲೇ ಮುಗಿಸೋಣ."

"ಮಾತಲ್ಲೇ ಶುರುವಾಗಿದ್ದಕ್ಕೆ ಸಾರ್ ಇಷ್ಟು ದೂರ ಬಂದಿರೋದು" ಅಂದಳು ಅಕ್ಕ. ಗೊಂಬೆ ಕಾರ್ಖಾನೆಯವರು ಕಿಸಕ್ಕನೆ ನಕ್ಕರು. ಸೀಲು ಬಿತ್ತು. ಆ ಸೀಲಿನ ಸದ್ದು ಈಗಲೂ ನನ್ನ ಕಿವಿಯಲ್ಲಿದೆ. ನನ್ನ ಇಪ್ಪತ್ತು ವರ್ಷದ ಚೌಕಾಸಿ ಮಾಡದ್ದನ್ನು ಒಂದು ಇಂಕಿನ ಪ್ಯಾಡು ಮಾಡಿತು.

ಮೆಟ್ಟಿಲಿಳಿಯುವಾಗ, "ಯಾಕಕ್ಕ ನನ್ನ ಬುಟ್ಟುಕೊಡ್ನಿಲ್ಲ?" ಅಂದೆ.

"ನಿನ್ನ ಬೈದ್ರೆ ಕಂತು ಕಮ್ಮಿ ಆಯ್ತದಾ? ಮನೆಗೆ ಬಾ, ಬೈತೀನಿ."

ಮನೆಗೆ ಹೋದೆ. ಬೈದಳು. ಮುದ್ದೆ ಉಪ್ಸಾರು ಬಡಿಸಿ ಬೈದಳು.

ನಕಲು ವಾರದೊಳಗೆ ಬಂತು. ಮಿಕ್ಕದ್ದಕ್ಕೆ ದೀಪಾವಳಿ ಕಳೆಯಬೇಕಾಯಿತು; ಆ ನಡುವೆ ಅಕ್ಕ ಮೇಲಿನ ಆಫೀಸಿಗೆ ಇನ್ನೆರಡು ರಿಜಿಸ್ಟರ್ ಪೋಸ್ಟ್ ಹಾಕಿದಳು. ಕಾಗದ ಕಳಿಸದೆ ಏರಿಸಿದ ತಿಂಗಳುಗಳಿಗೆ ಹಳೆಯ ಬಡ್ಡಿಯನ್ನೇ ಹಾಕುತ್ತೇವೆ, ಮುಂದಿನದಕ್ಕೆ ಕಂತೋ ತಿಂಗಳೋ ನೀವೇ ಆರಿಸಿಕೊಳ್ಳಿ ಅಂತ ಉತ್ತರ ಬಂತು. ಬಡ್ಡಿ ಏನೂ ಇಳಿಯಲಿಲ್ಲ, ಹದಿಮೂರೇ. ಪೂರ್ತಿ ಗೆದ್ದೆವು ಅಂತ ನಾನು ಹೇಳುವುದಿಲ್ಲ. ಆದರೆ ಅಕ್ಕ ಕಂತು ಏರಿಸಿಕೊಂಡಳು, ತಿಂಗಳಿಗೆ ಮುನ್ನೂರ ಚಿಲ್ಲರೆ. ಕಂತುಗಳು ನೂರಿಪ್ಪತ್ತರೊಳಗೆ ಬಂದು ಕೂತವು. ಆ ಮುನ್ನೂರ ಚಿಲ್ಲರೆ ನನ್ನದು ಅಂದೆ. ಬೇಡ ಅನ್ನುತ್ತಾಳೆ ಅಂದುಕೊಂಡಿದ್ದೆ. "ಹೂಂ, ಒಂದನೇ ತಾರೀಕು ತಂದ್ಕೊಡು" ಅಂದಳು.

ಅದೇ ಮಳೆಗಾಲದ ಇನ್ನೊಂದು ಮಾತು ಇದೆ, ಬರೆಯಲು ಸ್ವಲ್ಪ ಕಷ್ಟ. ಆಫೀಸಿನಿಂದ ಬಂದ ವಾರದಲ್ಲೇ ಪಕ್ಕದ ಊರಿನ ಕೆಂಪಣ್ಣ ಚಂದ್ರಿಕೆ ವಾಪಸು ತಂದ. ಐದನೇ ದಿನಕ್ಕೇ ತಂದಿದ್ದ. ಮಳೆಯಲ್ಲಿ ಐದು ದಿನಕ್ಕೆ ಗೂಡು ಬಿಡಿಸಿದರೆ ಒಳಗಿನ ಹುಳು ಇನ್ನೂ ಹಸಿ. ಒಡೆದು ಗೂಡಿಗೆ ಕಲೆ ಕಟ್ಟುತ್ತದೆ, ಮಾರುಕಟ್ಟೆಯಲ್ಲಿ ಯಾರೂ ಬೆಲೆ ಕಟ್ಟುವುದಿಲ್ಲ.

"ಯಾಕಣ್ಣ ಇಷ್ಟು ಬೇಗ ಬಿಡಿಸ್ದೆ?" ಅಂದೆ.

"ಆರ್ನೇ ದಿನಕ್ಕೆ ಅರ್ಧ ಬಾಡಿಗೆ ಎಲ್ಲಿಂದ ತರ್ಲಿ? ಬಾಡಿಗೆ ಏರಿಸ್ನಿಲ್ಲ ಅಂತ ನಿನ್ನ ಊರೆಲ್ಲ ಹೊಗಳ್ತದೆ ರಾಜಣ್ಣ. ನಮ್ ಗೂಡು ಮಾತ್ರ ಕಲೆ ಬಿದ್ದು ಹೊಗಳ್ತಾವೆ" ಅಂದ. ಕೋಪವಿರಲಿಲ್ಲ ಅವನ ಮಾತಿನಲ್ಲಿ. ಅದೇ ಚುಚ್ಚಿತು.

ಆವತ್ತೇ ರಾಮನಗರಕ್ಕೆ ಹೋಗಿ ಚೀಟಿ ಪುಸ್ತಕ ಅಚ್ಚು ಹಾಕಿಸಿದೆ. ಚಂದ್ರಿಕೆ ಎಷ್ಟು, ಬಾಡಿಗೆ ಎಷ್ಟು, ದಿನ ಎಷ್ಟು, ತಡವಾದರೆ ಎಷ್ಟು. ದಿನ ಮತ್ತೆ ಏಳು ಮಾಡಿದೆ, ಬಾಡಿಗೆಯನ್ನು ಎಲ್ಲರಿಗೂ ಕಾಣುವ ಹಾಗೆ ಸ್ವಲ್ಪ ಏರಿಸಿದೆ. ಒಂದು ಪ್ರತಿ ನನಗೆ, ಒಂದು ಒಯ್ಯುವವನಿಗೆ. ಮೊದಮೊದಲು ಜನ ಮುಖ ಸಿಂಡರಿಸಿದರು. "ಏನಣ್ಣೋ, ನಮ್ ಮ್ಯಾಲೆ ನಂಬ್ಕೆ ಇಲ್ವಾ?" ಅಂದರು. "ನಿನ್ ಮ್ಯಾಲಲ್ಲ ಕಣಣ್ಣ, ನನ್ ಮ್ಯಾಲೆ" ಅಂತ ಹೇಳಿದೆ. ತಮಾಷೆ ಅಂದುಕೊಂಡರು.

ಈಗಲೂ ಬಸ್ಸಿನಲ್ಲಿ ಸಲಹೆ ಕೇಳುವವರಿದ್ದಾರೆ, ನನಗೂ ಹೇಳದೆ ಇರಲಾಗುವುದಿಲ್ಲ. ಮನೆ ಅಡವಿಟ್ಟು ಸಾಲ ತೆಗೆಯುವವರಿಗೆ ನಾನು ಹೇಳುವುದು ಇಷ್ಟೇ: ರೇಟು ಕೊನೆಗೆ ಕೇಳು. ಮೊದಲು ಬಡ್ಡಿ ತೇಲುವುದೋ ನಿಂತದ್ದೋ ಕೇಳು. ಏರಿದರೆ ಯಾವುದು ಬೆಳೆಯುತ್ತದೆ, ಕಂತೋ ತಿಂಗಳೋ, ಕೇಳು. ಫೀಸು, ವಿಮೆ ಅಂತ ಎಲ್ಲ ಕಳೆದು ಕೈಗೆ ಬರುವುದೆಷ್ಟು ಕೇಳು. ಬೇಗ ತೀರಿಸಿದರೆ ದಂಡ ಇದೆಯೇ ಕೇಳು. ಈಗ ಕಾಲ ಸುಧಾರಿಸಿದೆ. ಎಲ್ಲ ಖರ್ಚು ಸೇರಿಸಿ ವರ್ಷಕ್ಕೆ ಎಷ್ಟು ಬೀಳುತ್ತದೆ ಅನ್ನುವುದನ್ನು ತಿಳಿಯುವ ಭಾಷೆಯಲ್ಲಿ ಸಾಲಕ್ಕೆ ಮುಂಚೆಯೇ ಬರೆದು ಕೊಡಬೇಕು, ಬಡ್ಡಿ ಬದಲಾದಾಗ ಕಂತೋ ತಿಂಗಳೋ ಅಂತ ಸಾಲಗಾರನನ್ನೇ ಕೇಳಬೇಕು, ಸಾಲ ತೀರಿದ ತಿಂಗಳೊಳಗೆ ಮನೆಪತ್ರ ವಾಪಸು ಕೊಡಬೇಕು ಅಂತೆಲ್ಲ ನಿಯಮ ಬಂದಿದೆ. ಒಳ್ಳೆಯದೇ. ಆದರೆ ಕ್ಯಾಲೆಂಡರುಗಳೂ ಇನ್ನೂ ಇವೆ. ಎತ್ತಿ ನೋಡುವ ಕೈ ನಿನ್ನದೇ ಆಗಬೇಕು.

ಆಮೇಲೆ ಬಡ್ಡಿ ಇಳಿಯಿತು, ಮತ್ತೆ ಏರಿತು. ಪ್ರತಿ ಸಲವೂ ಅಕ್ಕನಿಗೆ ಕಾಗದ ಬಂತು, ಪ್ರತಿ ಕಾಗದಕ್ಕೂ ಅವಳು ಉತ್ತರ ಬರೆದಳು. ಕೊನೆಯ ಕಂತು ಕಟ್ಟಿದ ಮೇಲೆ ಪತ್ರ ಬಿಡಿಸಿಕೊಳ್ಳಲು ಇಬ್ಬರೂ ಹೋದೆವು. ಆಫೀಸು ಬೇರೆ ಕಟ್ಟಡಕ್ಕೆ ಹೋಗಿತ್ತು, ಮೇಜಿನ ಹಿಂದೆ ಹೊಸ ಆಫೀಸರೊಬ್ಬರು, ಹೆಣ್ಣುಮಗಳು. ಒಂದು ದಪ್ಪ ಕವರು ಮುಂದಿಟ್ಟು, "ಇಲ್ಲಿ ಸಹಿ ಮಾಡಿ ಅಮ್ಮ" ಅಂದರು.

"ಹಾಜರಿ ಆಗ್ಲಿ ಮೊದ್ಲು" ಅಂದು ಅಕ್ಕ, ಆ ವರ್ಷ ಅರ್ಜಿ ಹಾಕಿ ತೆಗೆದುಕೊಂಡಿದ್ದ ಪಟ್ಟಿಯನ್ನು ಚೀಲದಿಂದ ತೆಗೆದಳು. ಮಡಿಕೆಗಳಲ್ಲಿ ಹರಿದಿತ್ತು. ಕನ್ನಡಕ ಏರಿಸಿ ಕೂಗಿದಳು.

"ಕ್ರಯಪತ್ರ."

"ಇದೆ ಅಮ್ಮ."

"ಪಂಚಾಯ್ತಿ ಖಾತೆ."

"ಇದೆ."

"ಋಣಭಾರ ಪತ್ರ. ಕಂದಾಯದ ರಸೀದಿ, ಮೂರು."

"ಇದೆ. ಮೂರೂ ಇವೆ."

ಕ್ರಯಪತ್ರವನ್ನು ಮಾತ್ರ ಅಕ್ಕ ಎರಡೂ ಕೈಯಲ್ಲಿ ತೆಗೆದುಕೊಂಡು, ತನ್ನ ಹೆಸರಿದ್ದ ಸಾಲನ್ನು ಗಟ್ಟಿಯಾಗಿ ಓದಿದಳು. ಕವರಿನ ತಳದಲ್ಲಿ ಇನ್ನೊಂದು ಕಂತೆ ಉಳಿದಿತ್ತು, ರದ್ದು ಮುದ್ರೆ ಬಿದ್ದ ಸಾಲದ ಒಪ್ಪಂದ. ಅದರ ಹಾಳೆಗಳನ್ನು ಒಂದೊಂದಾಗಿ ತಿರುವುತ್ತಾ ಹೋಗಿ ಒಂದು ಕಡೆ ನಿಲ್ಲಿಸಿದಳು. ಅಂಚಿನಲ್ಲಿ ಇಂಗ್ಲಿಷಿನ ಆ ಸಾಲು, ಇಂಕು ಕಂದು ಬಣ್ಣಕ್ಕೆ ತಿರುಗಿತ್ತು.

ಅಕ್ಕ ತಲೆ ಎತ್ತಲಿಲ್ಲ. ಹಾಜರಿಯ ದನಿಯಲ್ಲೇ ಕೂಗಿದಳು.

"ಕಂತು ಏರಬಾರದು ಅಂದೋರು?"

ಆಫೀಸರು ಗಲಿಬಿಲಿಯಿಂದ ಪಟ್ಟಿ ನೋಡಿದರು. ನಾನು ಎದ್ದು ನಿಂತೆ.

"ಹಾಜರ್" ಅಂದೆ.